ಹಟ್ಟಿಯ ಮಾತು, ಹಂಪಿಯ ಪದವಿ

ಮದರಾಸಿನ ಸರ್ಕಾರಿ ಮುದ್ರಣಾಲಯ 1909ರಲ್ಲಿ ಏಳು ಸಂಪುಟಗಳ ಒಂದು ಪುಸ್ತಕ ಹೊರತಂದಿತು. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಸಿದ್ಧಪಡಿಸಿದ ‘ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’. ಅದರ ಮೊದಲ ಸಂಪುಟದಲ್ಲಿ ‘ಬೋಯ’ ಎಂಬ ಉದ್ದನೆಯ ಬರಹವಿದೆ. ಬೋಯರೆಂದರೆ ನಮ್ಮ ಬೇಡರು. ಊರಬೇಡರು ಯಾರು, ಮ್ಯಾಸಬೇಡರು ಯಾರು, ಯಾರು ಕೋಳಿ ಮುಟ್ಟುವುದಿಲ್ಲ, ಯಾರ ಮದುವೆ ಹೇಗೆ ನಡೆಯುತ್ತದೆ ಎಂದೆಲ್ಲ ಅದರಲ್ಲಿ ವಿವರಗಳಿವೆ. ಮಾಹಿತಿಗೆ ಆಧಾರವೆಂದು ಹೆಸರಿಸಿರುವುದು ಗೆಜೆಟಿಯರನ್ನು, ಜನಗಣತಿ ವರದಿಯನ್ನು, ಅಧಿಕಾರಿಗಳನ್ನು. ಹಟ್ಟಿಯಲ್ಲಿ ಕೂತು ಇದನ್ನೆಲ್ಲ ಹೇಳಿದ ಹಿರಿಯರ ಹೆಸರಿಗೆ ಅಲ್ಲಿ ಜಾಗವಿಲ್ಲ. ಮದರಾಸು ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಥರ್ಸ್ಟನ್ ಹೋದಲ್ಲೆಲ್ಲ ಜನರ ತಲೆ, ಮೂಗು ಅಳೆಯುವ ಉಪಕರಣಗಳನ್ನು ಒಯ್ಯುತ್ತಿದ್ದವನು. ಅಳೆಸಿಕೊಂಡವರಿಗೆ ಪುಸ್ತಕದ ಪ್ರತಿ ಸಿಕ್ಕಿರಲಾರದು ಎಂದು ಬೇರೆ ಹೇಳಬೇಕಿಲ್ಲ.

ಥರ್ಸ್ಟನ್‌ಗಿಂತ ಮೊದಲೇ, 1890ರ ದಶಕದ ಆರಂಭಕ್ಕೆ, ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಳ್ಳಾರಿ ಸೀಮೆಯಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳಾದ ಬಸವಿಯರ ಬಗ್ಗೆ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಗೆ ಪ್ರಬಂಧ ಬರೆದಿದ್ದ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರ್ ಬಂತು. ಹೀಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಭಾಗದ ಜನ ವಿದ್ವತ್ತಿನ ಲೋಕಕ್ಕೆ ಮೊದಲು ಕಾಲಿಟ್ಟದ್ದು ಕಲೆಕ್ಟರು ಮತ್ತು ಪೊಲೀಸರು ಬರೆದ ಕಡತಗಳ ಮೂಲಕ. ಬೇರೆಯವರ ಕೈಬರಹದಲ್ಲಿ, ಬೇರೆಯವರ ಭಾಷೆಯಲ್ಲಿ.

ಆ ಕೈಬರಹ ಬದಲಾದ ಬಗೆಯೇ ಈ ಲೇಖನದ ವಿಷಯ. ಎಷ್ಟು ಬದಲಾಯಿತು, ಎಲ್ಲಿಗೆ ಬಂದು ನಿಂತಿತು ಎಂಬುದೂ ಅದರೊಳಗೇ ಬರುತ್ತದೆ.

ಇಸವಿಯೊಂದನ್ನು ನೆನಪಿಡಬೇಕು: 1991. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು ಆ ವರ್ಷ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ, ಚಂದ್ರಶೇಖರ ಕಂಬಾರರ ಕುಲಪತಿತನದಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಆದರೆ ಹಟ್ಟಿಯ ಹುಡುಗನೊಬ್ಬ ಪಿಎಚ್.ಡಿ. ಮಾಡುವುದಕ್ಕೆ ಬೇಕಾದ ಎರಡು ಬಾಗಿಲು ಒಟ್ಟಿಗೇ ತೆರೆದವು: ಒಂದು ಮೀಸಲಾತಿಯದು, ಇನ್ನೊಂದು ಭಾಷೆಯದು. ಯಾವ ವಿಷಯವನ್ನೇ ಆದರೂ ಕನ್ನಡದಲ್ಲೇ ಬರೆದು ಡಾಕ್ಟರೇಟ್ ಪಡೆಯಬಹುದೆಂಬ ಮಾತು ಕೂಡ್ಲಿಗಿಯಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯಲ್ಲಿ ನಿಜವಾಯಿತು. ಇಂಗ್ಲಿಷಿನ ಹೆದರಿಕೆಯಿಂದ ಬಿ.ಎ.ಗೇ ಓದು ನಿಲ್ಲಿಸುತ್ತಿದ್ದ ತಲೆಮಾರಿಗೆ ಇದು ಸಣ್ಣ ಸಂಗತಿಯಲ್ಲ.

ಜನಸಂಖ್ಯೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2011ರ ಜನಗಣತಿಯಲ್ಲಿ ಪರಿಶಿಷ್ಟ ಪಂಗಡದವರು ರಾಜ್ಯದಲ್ಲಿ ಶೇ 7ರಷ್ಟಿದ್ದರೆ, ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಶೇ 18ಕ್ಕೂ ಮಿಗಿಲು. ಪರಿಶಿಷ್ಟ ಜಾತಿಯವರು ಶೇ 21ರ ಆಸುಪಾಸು. ಕೂಡ್ಲಿಗಿ ವಿಧಾನಸಭಾ ಕ್ಷೇತ್ರ ಪಂಗಡಕ್ಕೆ ಮೀಸಲು; ಹಗರಿಬೊಮ್ಮನಹಳ್ಳಿ, ಹಡಗಲಿ ಜಾತಿಗೆ. ಮ್ಯಾಸನಾಯಕರು, ಗೊಲ್ಲರು, ಕುರುಬರು, ಮಾದಿಗರು, ಛಲವಾದಿಗಳು, ಲಂಬಾಣಿಗಳು, ಕೊರಚರು, ಬುಡ್ಗಜಂಗಮರು, ಹೆಳವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಬಯಲಿನಲ್ಲಿ ಒಬ್ಬರ ಪಕ್ಕ ಒಬ್ಬರು ಬದುಕಿದ್ದಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಇವೆಲ್ಲ ಹೊಸಪೇಟೆಯ ಜೊತೆ ಹೊಸ ನಕಾಶೆಗೆ ಬಂದವು.

ಮ್ಯಾಸಬೇಡರ ಲೋಕ ಎಂಥದ್ದು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಕೂಡ್ಲಿಗಿಯ ಗುಡೇಕೋಟೆ, ಜರಿಮಲೆಯ ಗುಡ್ಡಗಳಿಂದ ಮೊಳಕಾಲ್ಮೂರು, ಚಳ್ಳಕೆರೆಯ ಕಾವಲುಗಳವರೆಗೆ ಹರಡಿರುವ ಪಶುಪಾಲಕ ಜನ ಅವರು. ಮನೆಮಾತು ತೆಲುಗು, ಊರಮಾತು ಕನ್ನಡ. ಅವರ ವೀರರಾದ ಗಾದರಿಪಾಲನಾಯಕ, ಜಗಳೂರು ಪಾಪನಾಯಕ ದನ ಕಾದವರು. ಗಾದರಿಪಾಲನಾಯಕನಂತೂ ಹುಲಿಯ ಜೊತೆ ಸೆಣಸಿ ಮಡಿದವನು. ಆ ಕಥನಗಳನ್ನು ರಾತ್ರಿಯಿಡೀ ಹಾಡುವವರಲ್ಲಿ ಹೆಂಗಸರೂ ಇದ್ದಾರೆ. ಹಟ್ಟಿಗೊಂದು ಪೆಟ್ಟಿಗೆ ದೇವರು, ದೇವರಿಗೊಂದು ದನದ ಹಿಂಡು. ಆ ಹಿಂಡಿನ ‘ದೇವರ ಎತ್ತು’ಗಳನ್ನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮಣ್ಣು ಮಾಡಬೇಕು. ಅವುಗಳ ಹಿಂದೆ ಅಡವಿ ತಿರುಗುವವನು ಕಿಲಾರಿ. ಯಾವ ಹುಲ್ಲು ಯಾವ ತಿಂಗಳಲ್ಲಿ ದನದ ಬಾಯಿಗೆ ಹಿತ, ಬರದ ವರ್ಷ ಯಾವ ಹಳ್ಳದಲ್ಲಿ ಒರತೆ ತೋಡಬಹುದು, ಯಾವ ಹಸುವಿನ ಅಜ್ಜಿ ಯಾವುದು ಎಂಬುದೆಲ್ಲ ಅವನ ತಲೆಯಲ್ಲಿರುತ್ತದೆ. ಇದನ್ನು ಪಶುವೈದ್ಯ ಕಾಲೇಜು, ಕೃಷಿ ವಿಶ್ವವಿದ್ಯಾಲಯ, ಪರಿಸರ ವಿಜ್ಞಾನದ ವಿಭಾಗಗಳಲ್ಲಿ ಹಂಚಿಹಾಕಿದರೆ ನಾಲ್ಕಾರು ಪತ್ರಿಕೆಗಳ ಪಠ್ಯವಾದೀತು. ಕಿಲಾರಿ ಮಾತ್ರ ಯಾವ ವಿಭಾಗಕ್ಕೂ ಸೇರುವುದಿಲ್ಲ.

ಹಂಪಿಯ ವಿಶ್ವವಿದ್ಯಾಲಯ ಇಂಥ ತಿಳಿವಳಿಕೆಗೆ ಬಾಗಿಲು ತೆರೆದದ್ದು ನಿಜ. ಜಾನಪದಕ್ಕೆ, ಬುಡಕಟ್ಟು ಅಧ್ಯಯನಕ್ಕೆ ಅಲ್ಲಿ ಪ್ರತ್ಯೇಕ ವಿಭಾಗಗಳು ಬಂದವು. ಬುಡಕಟ್ಟು ವಿಭಾಗದಲ್ಲಿ ಕೆ.ಎಂ. ಮೇತ್ರಿಯವರಂಥವರು ಬಹುಕಾಲ ದುಡಿದರು. ಮಂಟೇಸ್ವಾಮಿ, ಮಲೆಯ ಮಾದೇಶ್ವರ, ಜುಂಜಪ್ಪನ ಮೌಖಿಕ ಕಾವ್ಯಗಳು ಒಂದೊಂದಾಗಿ ಅಚ್ಚಾದವು. ಜುಂಜಪ್ಪ ಕಾಡುಗೊಲ್ಲರ ವೀರ, ದನ ಕಾಯುವವನೇ. ಪಂಪ, ರನ್ನರ ಕಪಾಟಿನ ಪಕ್ಕದಲ್ಲೇ ಹಟ್ಟಿಯ ಕಾವ್ಯವೂ ದಪ್ಪ ರಟ್ಟಿನ ಪುಸ್ತಕವಾಗಿ ಕೂತಿತು. ಕನ್ನಡ ಸಾಹಿತ್ಯ ಚರಿತ್ರೆಯ ಪಾಠ ಹೇಳುವವರು ಆಮೇಲೆ ಹಳೆಯ ಧಾಟಿಯಲ್ಲಿ ಮಾತಾಡುವುದು ಕಷ್ಟವಾಯಿತು. ಆ ಮೊದಲ ದಶಕದ ಕೆಲಸ ನನ್ನ ಮಟ್ಟಿಗೆ ಕನ್ನಡದ ಉನ್ನತ ಶಿಕ್ಷಣ ಮಾಡಿದ ಅತಿ ದೊಡ್ಡ ಕೆಲಸಗಳಲ್ಲಿ ಒಂದು.

ಅದಕ್ಕಿಂತಲೂ ಮುಖ್ಯವಾದದ್ದು ಬರೆಯುವವರು ಬದಲಾದದ್ದು. ತಮ್ಮ ಊರನ್ನೇ ಹೆಸರಿಗೆ ಕಟ್ಟಿಕೊಂಡ ಸಂಶೋಧಕರು ಈ ಸೀಮೆಯಿಂದ ಎದ್ದರು. ಹಂಪಿಯ ಚರಿತ್ರೆ ವಿಭಾಗದ ವಿರೂಪಾಕ್ಷಿ ಪೂಜಾರಹಳ್ಳಿ ಬೇಡ-ನಾಯಕರ ಚರಿತ್ರೆಯನ್ನು ಒಳಗಿನಿಂದ ಬರೆದರು. ಜಾನಪದದ ಅರುಣ್ ಜೋಳದಕೂಡ್ಲಿಗಿ ತಮ್ಮ ಸುತ್ತಲಿನ ಜಾತ್ರೆ, ಆಚರಣೆ, ಕಲಾವಿದರ ಬದುಕಿನ ಬಗ್ಗೆ ಪತ್ರಿಕೆಗಳ ಓದುಗರಿಗೂ ತಿಳಿಯುವ ಕನ್ನಡದಲ್ಲಿ ಬರೆಯುತ್ತ ಬಂದರು. ಪಾಳೆಯಗಾರರ ಚರಿತ್ರೆಯೆಂದರೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋನ ಪತ್ರಗಳು ಎಂದು ತಿಳಿದಿದ್ದ ಕಾಲ ಒಂದಿತ್ತು. ಆ ನಂಬಿಕೆಯನ್ನು ಮೊದಲು ಅಲುಗಿಸಿದ್ದು ವಿಶ್ವವಿದ್ಯಾಲಯವಲ್ಲ, ಕೊಟ್ಟೂರಿನ ಒಬ್ಬ ಮೇಷ್ಟ್ರು ಎಂಬುದನ್ನೂ ಹೇಳಬೇಕು. ಆ ಮೇಷ್ಟ್ರು ಕುಂ. ವೀರಭದ್ರಪ್ಪನವರ ‘ಅರಮನೆ’ ಕಾದಂಬರಿ ಇದೇ ಸೀಮೆಯ ಬಾಯಿಮಾತಿನ ನೆನಪುಗಳಿಂದ ಮನ್ರೋನನ್ನೂ ಪಾಳೆಯಗಾರರನ್ನೂ ಬೇರೆಯದೇ ರೀತಿಯಲ್ಲಿ ಕಂಡಿತು. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಡಿಟಿಪ್ಪಣಿಯ ಹಂಗಿಲ್ಲದ ಕಾದಂಬರಿಗೆ ದಕ್ಕಿದ್ದು ಪ್ರಬಂಧಗಳಿಗೆ ಪೂರ್ತಿ ದಕ್ಕಲಿಲ್ಲ ಎಂಬ ಅನುಮಾನ ನನಗಿದೆ.

ಫಾಸೆಟ್ ಬಸವಿಯರ ಬಗ್ಗೆ ಬರೆದ ಸುಮಾರು 130 ವರ್ಷಗಳ ನಂತರ ಇದೇ ನೆಲದಿಂದ ‘ನಡುವೆ ಸುಳಿವ ಹೆಣ್ಣು’ ಬಂತು. ಮಂಜಮ್ಮ ಜೋಗತಿಯವರ ಆತ್ಮಕಥನ. ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ. ಕಲ್ಲುಕಂಬದಲ್ಲಿ ಹುಟ್ಟಿ, ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತು, ಎಲ್ಲಮ್ಮನ ಕೊಡ ಹೊತ್ತು ಬದುಕಿದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆ ಪುಸ್ತಕದಲ್ಲಿ ನನಗೆ ಮುಖ್ಯವೆನಿಸುವುದು ಹೇಳುವವರು ಮತ್ತು ಬರೆಯುವವರ ಸಂಬಂಧ. ಫಾಸೆಟ್‌ನ ಪ್ರಬಂಧದಲ್ಲಿ ಬಸವಿ ಒಂದು ವಿಷಯ. ಇಲ್ಲಿ ಕಥನ ಜೋಗತಿಯದೇ. ಡಾಕ್ಟರೇಟ್ ಪಡೆದವರು ಬರೆದುಕೊಳ್ಳುವವರ ಜಾಗದಲ್ಲಿ ಕೂತಿದ್ದಾರೆ.

ಪಿಎಚ್.ಡಿ. ಪ್ರಬಂಧಕ್ಕೆ ಈ ಕ್ರಮವಿಲ್ಲ. ಅಲ್ಲಿ ಹಾಡಿದವರು, ಕಥೆ ಹೇಳಿದವರು ‘ವಕ್ತೃ’ಗಳು. ಅನುಬಂಧದಲ್ಲಿ ಅವರ ಹೆಸರು, ವಯಸ್ಸು, ಊರು, ಜಾತಿ, ಓದು. ಓದು ಎಂಬಲ್ಲಿ ‘ಅನಕ್ಷರಸ್ಥ’ ಎಂದು ಬರೆಯುವ ಪದ್ಧತಿ ಈಗಲೂ ಇದೆ. ಸಾವಿರಾರು ಸಾಲಿನ ಕಾವ್ಯವನ್ನು ನೆನಪಿನಲ್ಲಿಟ್ಟುಕೊಂಡವರನ್ನು ಅವರ ಮುಂದೆ ಟೇಪು ಹಿಡಿದು ಕೂತವರು ಹೀಗೆ ಗುರುತಿಸುತ್ತಾರೆ. ಬರೆಯುವವರು ಈಗ ಅದೇ ಹಟ್ಟಿಯ ಮೊಮ್ಮಗನೇ ಇರಬಹುದು, ಅಜ್ಜಿಯನ್ನು ‘ಅವ್ವಾ’ ಎನ್ನುತ್ತಲೇ ಮಾತಿಗಿಳಿಯಬಹುದು. ನಮೂನೆ ಮಾತ್ರ ಥರ್ಸ್ಟನ್ ಕಾಲದ್ದೇ.

ವಿಶ್ವವಿದ್ಯಾಲಯಕ್ಕೆ ಈ ಕೊರತೆ ಗೊತ್ತಿರಲಿಲ್ಲವೆಂದಲ್ಲ. ನುಡಿಹಬ್ಬದಲ್ಲಿ ಕೊಡುವ ‘ನಾಡೋಜ’ ಗೌರವ ಪದವಿ ಅದಕ್ಕೊಂದು ಉತ್ತರವಾಗಿತ್ತು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ, ಬುಡ್ಗಜಂಗಮರ ಬುರ್ರಕಥಾ ಹಾಡುಗಾರ್ತಿ, ನಾಡೋಜರಾದರು. ಕುಮಾರರಾಮನ ಕಥೆಯೂ ಸೇರಿದಂತೆ ಅವರು ಹಾಡಿದ ಕಾವ್ಯಗಳನ್ನು ವಿಶ್ವವಿದ್ಯಾಲಯವೇ ಪ್ರಕಟಿಸಿತು. ಈರಮ್ಮ 2014ರಲ್ಲಿ ತೀರಿಕೊಂಡರು. ಓದು ಬರಹ ಬಾರದ ಅಲೆಮಾರಿ ಹೆಂಗಸಿಗೆ ಅತ್ಯುನ್ನತ ಪದವಿ ಕೊಟ್ಟ ವಿಶ್ವವಿದ್ಯಾಲಯಗಳು ನಮ್ಮಲ್ಲಿ ಎಷ್ಟಿವೆ? ಅಷ್ಟರಮಟ್ಟಿಗೆ ಹಂಪಿ ದೊಡ್ಡತನ ತೋರಿದೆ. ಆದರೆ ಪದವಿ ವೇದಿಕೆಯ ಮೇಲೆ ಒಂದು ಸಂಜೆ ಕೊಡುವಂಥದ್ದು. ವಾರಕ್ಕೆ ಮೂರು ದಿನ ತರಗತಿ ತೆಗೆದುಕೊಳ್ಳುವ, ಪ್ರಬಂಧ ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಬೇರೆ. ಮಕ್ಕಳು ಸಂಶೋಧಕರಾಗಿ ಒಳಗೆ ಹೋದರು. ಹಿರಿಯರು ಅಧ್ಯಾಪಕರಾಗಿ ಒಳಗೆ ಹೋಗಲಿಲ್ಲ. ನನ್ನ ತಕರಾರು ಇಷ್ಟೇ.

ಹೊರಗಿನ ಜಗತ್ತಿನಲ್ಲಿ ಇದು ಹೊಸ ವಿಚಾರವೇನಲ್ಲ. ಅಮೆರಿಕದ ನವಾಹೊ ಜನ 1968ರಲ್ಲೇ ತಮ್ಮ ಕಾಲೇಜು ಕಟ್ಟಿಕೊಂಡರು. ಬುಡಕಟ್ಟೊಂದರ ಆಡಳಿತದಲ್ಲೇ ನಡೆಯುವ ಆ ದೇಶದ ಮೊದಲ ಕಾಲೇಜು ಅದು, ಈಗ ಡಿನೆ ಕಾಲೇಜು ಎಂದು ಹೆಸರು. ನಾರ್ವೆಯ ಕೌಟೊಕೇನೊದಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ಉನ್ನತ ಶಿಕ್ಷಣ ಸಂಸ್ಥೆ 1989ರಲ್ಲಿ ಆರಂಭವಾಯಿತು. ಅಲ್ಲಿ ಸಾರಂಗ ಸಾಕಣೆಯೇ ಒಂದು ಓದಿನ ವಿಷಯ. ನಮ್ಮ ಕಿಲಾರಿಗೆ ಅತಿ ಹತ್ತಿರದ ಸಹೋದ್ಯೋಗಿ ಇರುವುದು ಆ ಹಿಮದ ನಾಡಿನಲ್ಲೇ ಏನೋ.

ಇತ್ತ ಮ್ಯಾಸ ಸೀಮೆಗೆ ಉನ್ನತ ಶಿಕ್ಷಣ ಇನ್ನೊಂದು ವೇಷದಲ್ಲೂ ಬಂತು. ಕೂಡ್ಲಿಗಿಯ ಆಚೆ, ಚಳ್ಳಕೆರೆ ತಾಲ್ಲೂಕಿನ ಕುದಾಪುರ, ದೊಡ್ಡಉಳ್ಳಾರ್ತಿಯ ಕಾವಲುಗಳನ್ನು 2008-09ರ ಹೊತ್ತಿಗೆ ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನೆಗೆ 4,000 ಎಕರೆಗೂ ಹೆಚ್ಚು. ಅಣುವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳಿಗೂ ಪಾಲು. ಅಮೃತಮಹಲ್ ಕಾವಲೆಂದರೆ ಮೈಸೂರು ಅರಸರ ಕಾಲದಿಂದ ದನಕ್ಕೆ ಬಿಟ್ಟ ಹುಲ್ಲುಗಾವಲು. ಮ್ಯಾಸನಾಯಕರು, ಗೊಲ್ಲರು ತಲೆಮಾರುಗಳಿಂದ ಮೇಯಿಸಿದ್ದು ಅಲ್ಲೇ. ಗೋಡೆ ಎದ್ದವು, ಜನ ಪ್ರತಿಭಟಿಸಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ವಿಜ್ಞಾನ ಸಂಸ್ಥೆಯ ಆ ಆವರಣದಲ್ಲಿ ಹಳ್ಳಿಶಾಲೆಗಳ ಮೇಷ್ಟ್ರುಗಳಿಗೆ ಒಳ್ಳೆಯ ತರಬೇತಿ ನಡೆಯುತ್ತದೆ, ಅದನ್ನು ಮರೆಯಬಾರದು. ಆದರೂ ಹುಲ್ಲಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರನ್ನು ಹುಲ್ಲುಗಾವಲಿನಿಂದ ಹೊರಗಿಟ್ಟು ಜ್ಞಾನಕೇಂದ್ರ ಕಟ್ಟಿದ ಈ ಪ್ರಸಂಗಕ್ಕೆ ಯಾವ ವಿಭಾಗದಲ್ಲಿ ಪಿಎಚ್.ಡಿ. ನೋಂದಾಯಿಸಬೇಕೋ ತಿಳಿಯದು.

ಕಾಲೇಜಿನ ಮೆಟ್ಟಿಲವರೆಗೆ ಬರುವುದೇ ಇಲ್ಲಿ ಒಂದು ಕಥೆ. ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜು, ಹರಪನಹಳ್ಳಿಯ ಎ.ಡಿ.ಬಿ., ಹಡಗಲಿಯ ಜಿ.ಬಿ.ಆರ್., ಆಮೇಲೆ ಬಂದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಈ ಭಾಗದ ಮೊದಲ ತಲೆಮಾರಿನ ಪದವೀಧರರನ್ನು ತಯಾರು ಮಾಡಿದವು. ಮುಂದೆ ಓದುವವರಿಗೆ 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು, ಸಂಡೂರಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಹರಪನಹಳ್ಳಿಯ ಪಾಡು ಸ್ವಲ್ಪ ಬೇರೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ, 2013ರಲ್ಲಿ ಬಳ್ಳಾರಿಯೂ ಸೇರಿದ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ನೆರೆಯ ಹಡಗಲಿಯ ವಿದ್ಯಾರ್ಥಿಗೆ ಸಿಕ್ಕ ಸೀಟಿನ ಮೀಸಲಾತಿ ಹರಪನಹಳ್ಳಿಯವನಿಗೆ ತಪ್ಪಿತು. ಹೋರಾಟ ಮಾಡಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಮರಳಿದ ಮೇಲಷ್ಟೇ ಅದು ದಕ್ಕಿತು. ಈ ಸೀಮೆಯ ವಿಶ್ವವಿದ್ಯಾಲಯಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಎಂಬುದು ಕಡಿಮೆ ಮಾತಲ್ಲ.

ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಲಂಬಾಣಿ ತಾಂಡಾಗಳಲ್ಲಿ ಇನ್ನೊಂದು ತೊಡಕು. ಸುಗ್ಗಿ ಮುಗಿದ ಮೇಲೆ ಎಷ್ಟೋ ಸಂಸಾರಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುತ್ತವೆ. ಕಾಲೇಜಿನ ಸೆಮಿಸ್ಟರಿಗೂ ಗುಳೆಯ ತಿಂಗಳುಗಳಿಗೂ ಹೊಂದಾಣಿಕೆಯಿಲ್ಲ. ತಾಂಡಾದ ಹುಡುಗಿ ಹಾಸ್ಟೆಲ್ ಸಿಕ್ಕರೆ ಓದುತ್ತಾಳೆ, ಸಿಗದಿದ್ದರೆ ತಮ್ಮ ತಂಗಿಯರನ್ನು ನೋಡಿಕೊಂಡು ಕಬ್ಬಿನ ಗದ್ದೆಯ ಬದುವಿನಲ್ಲಿರುತ್ತಾಳೆ. ಮನೆಯಲ್ಲಿ ಆಡುವ ಗೋರಬೋಲಿ ತರಗತಿಯೊಳಗೆ ಬರುವುದು ವಾರ್ಷಿಕೋತ್ಸವದ ಕುಣಿತಕ್ಕೆ ಮಾತ್ರ.

ದೇವದಾಸಿಯರ ಮಕ್ಕಳದು ಮತ್ತೂ ಕಠಿಣ. 1982ರ ದೇವದಾಸಿ ನಿಷೇಧ ಕಾಯ್ದೆಯ ನಂತರವೂ ಮುತ್ತು ಕಟ್ಟುವುದು ಪೂರ್ತಿ ನಿಲ್ಲಲಿಲ್ಲ. ಸರ್ಕಾರದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಅವರ ಸಂಖ್ಯೆ ದೊಡ್ಡದು. ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಸರು ಎಂಬ ಗೆರೆ ಈ ಮಕ್ಕಳಿಗೆ ಪ್ರತಿವರ್ಷವೂ ಹೊಸದಾಗಿ ಎದುರಾಗುತ್ತ ಬಂದಿದೆ. ಹೊಸಪೇಟೆಯ ಸಖಿ ಟ್ರಸ್ಟಿನಂಥ ಸಂಸ್ಥೆಗಳು ಇಂಥ ಹೆಣ್ಣುಮಕ್ಕಳ ಬೆನ್ನಿಗೆ ನಿಂತು ಕಾಲೇಜು ಮುಟ್ಟಿಸಿವೆ. ಸಂಸ್ಕೃತಿ ಅಧ್ಯಯನದ ವಿಚಾರ ಸಂಕಿರಣಗಳಲ್ಲಿ ಎಲ್ಲಮ್ಮ, ಜೋಗತಿ, ಪಡ್ಡಲಗಿ ಎಂದು ನಾವು ಎಷ್ಟು ಮಾತಾಡುತ್ತೇವೆ! ಆ ಅರ್ಜಿಯ ಒಂದು ಗೆರೆ ಅದಕ್ಕಿಂತ ಹೆಚ್ಚು ಸಂಸ್ಕೃತಿಯನ್ನು ಹೇಳುತ್ತದೆ.

ಇಷ್ಟು ದಾಟಿ ಹಂಪಿ ಮುಟ್ಟಿದವರಿಗೂ ನೆಮ್ಮದಿ ಇರಲಿಲ್ಲ. 2020-21ರ ಸುಮಾರಿಗೆ ಕನ್ನಡ ವಿಶ್ವವಿದ್ಯಾಲಯದ ಅನುದಾನ ಕುಗ್ಗಿ, ಪರಿಶಿಷ್ಟ ಜಾತಿ, ಪಂಗಡದ ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ತಿಂಗಳುಗಟ್ಟಲೆ ಬಾಕಿ ಉಳಿಯಿತು. ವಿದ್ಯಾರ್ಥಿಗಳು ಧರಣಿ ಕೂತರು, ವಿಶ್ವವಿದ್ಯಾಲಯ ಉಳಿಸಿ ಎಂದು ನಾಡಿನ ಬರಹಗಾರರು ದನಿಗೂಡಿಸಿದರು. ಫೆಲೋಶಿಪ್ ಎಂದರೆ ಈ ಹುಡುಗರಿಗೆ ಪುಸ್ತಕದ ದುಡ್ಡಲ್ಲ. ಅದರಲ್ಲಿ ಮನೆಗೆ ಕಳಿಸುವ ಪಾಲು ಇರುತ್ತದೆ, ತಂಗಿಯ ಹಾಸ್ಟೆಲ್ಲಿನ ಪಾಲು ಇರುತ್ತದೆ. ಅದು ನಿಂತಾಗ ಕ್ಷೇತ್ರಕಾರ್ಯವೂ ನಿಲ್ಲುತ್ತದೆ, ಪ್ರಬಂಧ ಗ್ರಂಥಾಲಯದ ಮೇಜಿನ ಮೇಲೇ ತಯಾರಾಗುತ್ತದೆ. 2022ರಲ್ಲಿ ರಾಜ್ಯ ಸರ್ಕಾರ ಪಂಗಡದ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ ಏರಿಸಿತು. ಸೀಟು ಹೆಚ್ಚಾಯಿತು, ಸೀಟಿನ ಮೇಲೆ ಕೂತವರ ಹೊಟ್ಟೆಯ ಪ್ರಶ್ನೆ ಹಾಗೇ ಉಳಿಯಿತು.

ಇನ್ನು ಬರೆದದ್ದು ಎಲ್ಲಿಗೆ ಹೋಗುತ್ತದೆ? ಪ್ರಬಂಧದ ಪ್ರತಿಗಳು ವಿಭಾಗದಲ್ಲಿ, ಗ್ರಂಥಾಲಯದಲ್ಲಿ. ಯುಜಿಸಿ ನಿಯಮದಂತೆ ಶೋಧಗಂಗಾ ಜಾಲತಾಣದಲ್ಲಿ. ಯಾವ ಹಟ್ಟಿಯ ಬಗ್ಗೆ ಬರೆದರೋ ಆ ಹಟ್ಟಿಗೆ ಪ್ರತಿ ಕೊಡಬೇಕೆಂಬ ನಿಯಮ ನನಗೆ ಎಲ್ಲೂ ಕಂಡಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ, ಪ್ರತಿಯೊಂದನ್ನು ಅಲ್ಲಿಡಬಹುದು. ಅದಕ್ಕಿಂತ ಮುಖ್ಯವಾದದ್ದು ಧ್ವನಿ. ಮೂವತ್ತು ವರ್ಷಗಳಲ್ಲಿ ಸಂಶೋಧಕರು ತುಂಬಿಸಿದ ಕ್ಯಾಸೆಟ್ಟುಗಳಲ್ಲಿ ಈಗಿಲ್ಲದ ಎಷ್ಟೋ ಹಾಡುಗಾರ್ತಿಯರ ದನಿ ಇದೆ. ಓದಲು ಬಾರದವರಿಗೂ ಕೇಳಲು ಬರುತ್ತದೆ. ಹಟ್ಟಿಯ ಪ್ರತಿ ಮನೆಯಲ್ಲೂ ಇವತ್ತು ಮೊಬೈಲ್ ಇದೆ, ಅವಕ್ಕೆ ಅಜ್ಜಿಯ ಹಾಡು ತಲುಪಿಸುವುದು ಕಷ್ಟದ ತಂತ್ರಜ್ಞಾನವೇನಲ್ಲ.

ಹಿರಿಯರನ್ನು ಮೇಷ್ಟ್ರನ್ನಾಗಿ ಮಾಡುವುದಕ್ಕೆ ಕಾನೂನಿನ ಅಡ್ಡಿಯಿದೆ ಎನ್ನುವಂತೆಯೂ ಇಲ್ಲ. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ಮಂಜೂರಾದ ಹುದ್ದೆಗಳ ಶೇ 10ರವರೆಗೆ ಇಂಥವರನ್ನು ತೆಗೆದುಕೊಳ್ಳಬಹುದು. ತಮ್ಮ ಕ್ಷೇತ್ರದಲ್ಲಿ ದೀರ್ಘ ಅನುಭವ, ಪರಿಣತಿ ಇರಬೇಕು, ಪದವಿಯ ಕಡ್ಡಾಯವಿಲ್ಲ. ಮರುವರ್ಷ ಸ್ಥಳೀಯ ಕಲಾವಿದರು, ಕುಶಲಕರ್ಮಿಗಳನ್ನು ಗುರುಗಳೆಂದು ಕಾಲೇಜಿಗೆ ಕರೆತರುವ ಇನ್ನೊಂದು ಯೋಜನೆ ಬಂತು. ಕಾರ್ಪೊರೇಟ್ ಕಂಪನಿಯ ನಿವೃತ್ತ ಅಧಿಕಾರಿಗೆ ಸಲ್ಲುವ ಈ ನಿಯಮ ಮೈಲಾರದ ಗೊರವಯ್ಯನಿಗೂ ಸಲ್ಲುತ್ತದೆ. ವರ್ಷಕ್ಕೊಮ್ಮೆ ಡೆಂಕಣಮರಡಿಯಲ್ಲಿ ಬಿಲ್ಲು ಏರಿ ಅವನಾಡುವ ಒಂದು ಸಾಲಿನ ಕಾರಣಿಕವನ್ನು ಬಿಡಿಸಲು ಈ ಭಾಗದ ರೈತರು ತಿಂಗಳುಗಟ್ಟಲೆ ವಾದ ಮಾಡುತ್ತಾರೆ. ಅರ್ಥ ಹೇಳುವ ವಿದ್ಯೆಗೆ ಅದಕ್ಕಿಂತ ಒಳ್ಳೆಯ ತರಗತಿ ನಾನು ಕಂಡಿಲ್ಲ.

ಈ ಹುದ್ದೆಗೆ ಮೊದಲ ನೇಮಕ ಯಾರದಾಗಬೇಕೆಂದು ಹಂಪಿಯವರೋ ಬಳ್ಳಾರಿಯವರೋ ಕೇಳಿದರೆ ನಾನಂತೂ ಕಿಲಾರಿಯೊಬ್ಬನ ಕಡೆ ಬೆರಳು ತೋರಿಸುತ್ತೇನೆ. ವೇಳಾಪಟ್ಟಿಯನ್ನು ಮಾತ್ರ ಅವನನ್ನೇ ಕೇಳಿ ಮಾಡಬೇಕು. ಮಳೆಗಾಲದಲ್ಲಿ ಅವನು ಬಿಡುವಾಗಿರುವುದಿಲ್ಲ, ಬೇಸಿಗೆಯಲ್ಲಿ ಊರಲ್ಲಿರುವುದಿಲ್ಲ. ಹಿಂಡು ಗುಡೇಕೋಟೆಯ ಕಡೆ ಹೊರಟರೆ ಹಾಜರಿ ಪುಸ್ತಕ ಹಿಡಿದು ವಿಭಾಗವೂ ಅತ್ತಲೇ ನಡೆಯಬೇಕಾದೀತು.